ನಡು ಕೀಲ

ಕಪನೂರಿನ ಬೇಳೆ ಮಿಲ್ಲಿಗೆ ಹೊಸ ಶೆಡ್ಡು.
ಹದಿನಾಲ್ಕು ಕಂಬ. ಒಂಬತ್ತನೆಯದರ ಬುಡದಲ್ಲಿ
ಕುಕ್ಕರಗಾಲಲ್ಲಿ ಕೂತಿದ್ದೆ, ಮೊಣಕಾಲ ಮೇಲೆ ಡ್ರಾಯಿಂಗು,
ಹಾರದಂತೆ ಅದರ ಮೇಲೊಂದು ನಟ್ಟು.

ಕಾಂಕ್ರೀಟು ಹಾಕುವಾಗ ಗುಳಿ ಬಿಡುವುದು ಮರೆತಿದ್ದರು.
ಮರೆತವರಲ್ಲಿ ನಾನೂ ಒಬ್ಬ.

ಪ್ಲೇಟಿನ ಹೊಟ್ಟೆಗೆ ಬೆಸೆದ ಗೇಣುದ್ದ ಉಕ್ಕಿನ ತುಂಡು
ಇಳಿಯಲು ಜಾಗವಿಲ್ಲದೆ
ಕಂಬದ ಸಮೇತ ಕ್ರೇನಿನಲ್ಲಿ ತೂಗುತ್ತಿತ್ತು.

"ಕಟ್ ಮಾಡಿ ಒಗೀರಿ ಅದನ್ನ," ಅಂದರು ಶೀಲವಂತ ಶೇಟರು,
"ನಾಕು ಬೋಲ್ಟ್ ಅವ, ಮ್ಯಾಗ ಇಷ್ಟು ಭಾರ ಅದ.
ಎಲ್ಲಿ ಹೋಗ್ತದ ಕಂಬ?"
ಕ್ರೇನಿಗೆ ತಾಸಿನ ಲೆಕ್ಕದ ಬಾಡಿಗೆ.

ಭಾರ ಹೌದು. ಭಾರ ಇರುವಷ್ಟು ಹೊತ್ತು ಘರ್ಷಣೆಯೂ ಇರುತ್ತದೆ.
ಆದರೆ ರೋಹಿಣಿ ಕೂಡುವ ಮುಂಚಿನ ಯಾವುದೋ ಸಂಜೆ
ಆಳಂದದ ಕಡೆಯ ಗಾಳಿ ತೆರೆದ ಬಾಗಿಲಲ್ಲಿ ನುಗ್ಗಿ
ತಗಡನ್ನು ಕೊಡೆಯಂತೆ ಎತ್ತುವಾಗ
ಕಂಬ ಹಗುರಾಗುತ್ತದೆ. ಅದೇ ಗಳಿಗೆಯಲ್ಲಿ
ಪಕ್ಕಕ್ಕೆ ನೂಕುವುದೂ ಅದೇ ಗಾಳಿ.
ಬೋಲ್ಟು ಇಪ್ಪತ್ನಾಲ್ಕು, ತೂತು ಮೂವತ್ತು,
ನಡುವಿನ ಆರು ಎಂಎಂ ಬರೀ ಬಯಲು.
ನಾಲ್ಕೂ ಒಟ್ಟಿಗೆ ತಡೆಯುವುದಿಲ್ಲ;
ಮೊದಲು ತಾಗಿದ್ದು ಮೊದಲು ಬಾಗುತ್ತದೆ,
ಉಳಿದ ಮೂರು ನೋಡುತ್ತವೆ.

ಇದನ್ನೆಲ್ಲ ಹೇಳಿದೆ. ಶೇಟರು ಫೋನು ನೋಡಿದರು.

ಸಾಬಮ್ಮ ಗ್ರೌಟಿನ ಚೀಲ ಇಳಿಸಿ, ಸೆರಗಿಂದ ಕುತ್ತಿಗೆ ಒರೆಸಿ,
ಯಾರಿಗೂ ಅಲ್ಲವೆಂಬಂತೆ:
"ಬೀಸುಕಲ್ಲಿಗಿ ನಡು ಕೀಲ ಯಾಕ ಇರ್ತದ್ರಿ?
ಮ್ಯಾಗಿನ ಕಲ್ಲು ಹಗುರ ಇರ್ತದಂತೇನು?
ಕೀಲ ತೆಗದು ಬೀಸ್ರಿ, ಕಲ್ಲು ಮಡಿಲಿಗೇ ಬರ್ತದ."

ತೊಗರಿ ಒಡೆದೇ ಮೂರು ತಲೆಮಾರು ಉಂಡ ಮನೆತನ.
ಫೋನು ಜೇಬಿಗೆ ಹೋಯಿತು.

ಮಶಾಕ್ ಬ್ರೇಕರ್ ಹಿಡಿದ. ಮೂರು ತಾಸು.
ಸರಳು ಸಿಕ್ಕಲ್ಲಿ ಉಳಿ, ಸುತ್ತಿಗೆ, ಬೈಗುಳ.
ಧೂಳು ಊದಿ, ನೀರು ಕುಡಿಸಿ, ಕಂಬ ಇಳಿಸಿದೆವು.
ತುಂಡು ಗುಳಿಯೊಳಗೆ ಮಾಯವಾಯಿತು.
ಸುತ್ತ ಉಳಿದ ಎರಡು ಬೆರಳ ಸಂದಿಗೆ
ಒಂದೇ ಬದಿಯಿಂದ ಗ್ರೌಟು ಸುರಿದು
ಆಚೆ ಬದಿಯಲ್ಲಿ ಅದು ಉಕ್ಕಿ ಬರುವವರೆಗೆ
ಯಾರೂ ಮಾತಾಡಲಿಲ್ಲ.

ಇನ್ನದನ್ನು ಯಾರೂ ನೋಡುವುದಿಲ್ಲ.
ಗಾಳಿಯ ದಿನ ಅದು ಕಾಂಕ್ರೀಟಿಗೆ ಹೆಗಲು ಕೊಡುತ್ತದೆ,
ಕಾಂಕ್ರೀಟು ಎರೆ ಮಣ್ಣಿಗೆ,
ಎರೆ ಮಣ್ಣು, ಎಲ್ಲೋ ಕೆಳಗೆ, ಹಾಸುಗಲ್ಲಿಗೆ

ಬಕೆಟ್ಟು ತೊಳೆದ ನೀರನ್ನು ಸಾಬಮ್ಮ
ಬೇವಿನ ಸಸಿಯಿಂದ ದೂರ ಚೆಲ್ಲಿ ಬಂದಳು.
"ಹತ್ತನೇದಕ್ಕರೆ ಗುಳಿ ಬಿಟ್ಟೀರೇನ್ರಿ?"

ನಾನು ನಟ್ಟನ್ನು ಅಂಗೈಯಲ್ಲಿ ಹೊರಳಿಸಿದೆ.