ಬಾಗಿಲ ಸಂದು

ಮೂರನೇ ಸಲ ಬಂದಳು ಸುಗುಣಕ್ಕ, ಸೆರಗು ಮೂಗಿಗೊತ್ತಿಕೊಂಡು:
"ಖಲಂದರ್, ನಿನ್ನ ಪೆಟ್ಟಿಗೆ ನನ್ನ ಕೋಳಿಗಿಂತ ಮೊದಲು
ಪಕ್ಕದಂಗಡಿ ಟೈಲರಿಗೆ ಹೊಗೆ ಹಾಕ್ತಾ ಇದೆ.
ಹೊಲಿದ ಬ್ಲೌಸೆಲ್ಲ ಸುಟ್ಟ ಮೆಣಸಿನಕಾಯಿ ನಾತವಂತೆ."

ಅರಸೀಕೆರೆ, ತಿಪಟೂರು ರಸ್ತೆಯಲ್ಲಿ ನನ್ನ ಶೆಡ್ಡು.
ಗೇಟು, ಗ್ರಿಲ್ಲು, ಟ್ರೈಲರಿನ ಹಿಂಬಾಗಿಲು
ಎಲ್ಲ ಮಾಡಿದ ಕೈ ಇದು.
ಆದರೆ ಗೇಟಿನ ಹತ್ತಿರ ಯಾರೂ ಗಾಳಿಯ ಲೆಕ್ಕ ಕೇಳುವುದಿಲ್ಲ.
ಹಳೇ ನೀರಿನ ಟ್ಯಾಂಕಿ ಸೀಳಿ ಸ್ಮೋಕರ್ ಮಾಡಿದೆ,
ಕೆಂಡಕ್ಕೊಂದು ಬಾಗಿಲು, ಮಾಂಸಕ್ಕೊಂದು,
ಮೇಲೊಂದು ಎರಡು ಮೊಳದ ಚಿಮಣಿ.
ಹೊಗೆ ಆ ಚಿಮಣಿಯೊಂದನ್ನು ಬಿಟ್ಟು
ಉಳಿದೆಲ್ಲ ಕಡೆಯಿಂದ ಹೊರಟಿತು.

ಅಮ್ಮಿ ಬಿರಿಯಾನಿ ಹಂಡೆಗೆ ಮೆತ್ತುವ ಹಾಗೆ
ಮೊದಲು ಮೈದಾ ಕಲಸಿ ಮೆತ್ತಿದೆ.
ಒಂದು ಹೊತ್ತು ತಡೆಯಿತು. ರಾತ್ರಿ ಇಲಿ ತಿಂದಿತು.
ಆಮೇಲೆ ಟ್ಯೂಬಿನ ಕೆಂಪು ಸಿಲಿಕಾನ್, ಇನ್ನೂರೆಂಬತ್ತು ರೂಪಾಯಿ,
ಬಾಗಿಲಿಗಿಂತ ನನ್ನ ಬೆರಳಿಗೇ ಚೆನ್ನಾಗಿ ಹಿಡಿಯಿತು.

ಸವರಿಯಪ್ಪ ತಾತ ಬಂದದ್ದು ಇದಕ್ಕಲ್ಲ,
ಸೈಕಲ್ಲಿನ ಸ್ಟ್ಯಾಂಡು ಮುರಿದಿತ್ತು, ಬೆಸೆಸಿಕೊಳ್ಳಲು.
ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವನು.
ಉಗಿ ಹೋಯ್ತು, ಮೀಟರ್‌ಗೇಜೂ ಹೋಯ್ತು,
ಕಿವಿ ಮಾತ್ರ ಬಾಯ್ಲರಿನ ಪಕ್ಕವೇ ಉಳಿದುಬಿಟ್ಟಿದೆ;
ಅವನೊಡನೆ ಮಾತೆಂದರೆ ಕೂಗು.
ಜ್ವರ ಬಂದ ಕೂಸಿನ ಬೆನ್ನು ನೋಡುವ ಹಾಗೆ
ಬಾಗಿಲ ಮೇಲೆ ಅಂಗೈ ಆಡಿಸಿದ.
"ಹೊಗೆಪೆಟ್ಟಿ ಕಣಪ್ಪ ಇದು, ಇಂಜಿನ್ನಿನ ಮೂತಿ.
ಹೊಗೆ ಆಚೆ ಹೋಗೋದು ನಿನಗೆ ಕಾಣುತ್ತೆ.
ಗಾಳಿ ಒಳಗೆ ನುಗ್ಗೋದನ್ನ ನೋಡೋರು ಯಾರು?
ಕಳ್ಳಗಾಳಿ ಕುಡಿದ ಕೆಂಡ ಯಾರ ಮಾತು ಕೇಳುತ್ತೆ?"

ಕತ್ತಲಾಗಲಿ ಅಂದ. ಕಾದೆವು.
ಒಳಗೆ ಎಮರ್ಜೆನ್ಸಿ ಲೈಟಿಟ್ಟು ಕದ ಹಾಕಿ
ಶೆಡ್ಡಿನ ಬಲ್ಬು ಆರಿಸಿದೆವು.
ಕೆಳಮೂಲೆಯಲ್ಲಿ ಬೆಳಕಿನ ನೂಲು,
ತಿರುಗಣಿಯ ಹತ್ತಿರ ಬೆಳಕಿನ ಹಗ್ಗ,
ಮೇಲೆ, ನಾನು ಬೀಗಿದ್ದ ಬೆಸುಗೆಯ ಕೆಳಗೇ
ಹಲ್ಲಿ ನುಸುಳುವಷ್ಟು ಬೆಳಕು.
ಹದಿನೇಳು ವರ್ಷ. ನನ್ನ ತಪ್ಪು ಇಷ್ಟು ಚಂದವಾಗಿ
ಯಾವತ್ತೂ ನನ್ನೆದುರು ನಿಂತಿರಲಿಲ್ಲ.
ಸುಗುಣಕ್ಕ ಮಾತಾಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಒಂದೇ ಬದಿಯಿಂದ ಕಾಸಿದ್ದೀಯ, ತಗಡು ಮುನಿಸಿಕೊಂಡಿದೆ."
ಮರದ ಸುತ್ತಿಗೆ ಕೇಳಿದ. ಬಡಿದೆವು.
ಅಂಚಿಗೆ ಸೀಮೆಸುಣ್ಣ ಬಳಿದು ಮುಚ್ಚಿ, ತೆಗೆದು,
ಸುಣ್ಣ ಹತ್ತದ ಕಡೆ ಮತ್ತೆ ಬಡಿದೆವು.
ಸುತ್ತ ಪಟ್ಟಿ ಕೂರಿಸಿ, ನಡುವಿನ ಕಾಲುವೆಯಲ್ಲಿ
ಗಾಜಿನ ನಾರಿನ ಹಗ್ಗ ಒತ್ತಿದೆವು.
"ನಮ್ಮ ಕಾಲದಲ್ಲಿ ಕಲ್ನಾರು ತುಂಬ್ತಿದ್ವಿ," ಅಂದ,
ಕೆಮ್ಮಿದ, ಮುಂದೆ ಹೇಳಲಿಲ್ಲ.
ಲಾರಿಯ ಹಿಂಬಾಗಿಲಿನ ಕೊಕ್ಕೆ ಎರಡು ಬಿಗಿದಾದ ಮೇಲೆ
"ಒಂದು ಚೀಟಿ ಕೊಡಿ."
ಸುಗುಣಕ್ಕ ಪರ್ಸಿನಿಂದ ತೆಗೆದಳು
ಸೊನ್ನೆ ರೂಪಾಯಿಯ ಬಸ್ ಟಿಕೆಟ್ಟು.
ಸಂದಿಗಿಟ್ಟು ಕದ ಜಡಿದು, ಎಳಿ ಅಂದ. ಎಳೆದೆ.
ಹಾಸನ ನನ್ನ ಕೈಗೆ ಬಂತು,
ಅರಸೀಕೆರೆ ಬಾಗಿಲಲ್ಲೇ ಉಳಿಯಿತು.

ಬೆಳಿಗ್ಗೆ ಹುಣಸೆ ಕೊರಡು, ಒಂದು ಪುಟ್ಟಿ ಕರಟ.
ಕೆಂಡ ಮೆತ್ತಗೆ ಕೂತಿತು, ಬೈಸಿಕೊಂಡ ಹುಡುಗನ ಹಾಗೆ.
ಚಿಮಣಿಯಲ್ಲಿ ತೆಳು ನೀಲಿ, ನೇರ.
ಟೈಲರ್ ವಿಠೋಬ ಆಚೆ ಬಂದು, ಮೇಲೆ ನೋಡಿ,
ಮೂಸಿ, ಏನೂ ಅನ್ನದೆ ಒಳಗೆ ಹೋಗಿ
ಮಿಷನ್ನು ತುಳಿಯತೊಡಗಿದ.

ತಿರುಗಣಿಯ ಮಗ್ಗುಲಲ್ಲಿ ಮಾತ್ರ ಇನ್ನೂ
ಬೀಡಿ ತುದಿಯಷ್ಟು ಹೊಗೆ.
ಸಿಲಿಕಾನ್ ಟ್ಯೂಬಿಗೆ ಕೈ ಹಾಕಿದೆ.
ತಾತ ಮಣಿಕಟ್ಟು ಹಿಡಿದ: "ಅದನ್ನ ಬಿಡು.
ನಾಕು ಸಲ ಕೋಳಿ ಬೇಯಲಿ,
ಜಿಡ್ಡೇ ಬಂದು ಮುಚ್ಚಿಕೊಳ್ಳುತ್ತೆ."

ಗೋಡೆಗೊರಗಿದ್ದ ಸೈಕಲ್ ತಗೊಂಡು
ತಳ್ಳಿಕೊಂಡು ಹೊರಟ.
ಅವನು ರಸ್ತೆ ದಾಟಿದ ಮೇಲೆ ನೆನಪಾಯಿತು ಸ್ಟ್ಯಾಂಡು.
ಕೂಗಿದೆ.