ಕೋಡ್ ಏಳು

ಬಂದರಿನಿಂದ ಬೆಂಗ್ರೆಗೆ ದೋಣಿಯಲ್ಲಿ ಸ್ವಲ್ಪವೇ ಹೊತ್ತು.
ಬ್ಯಾಗಿನಲ್ಲಿ ಟ್ಯಾಬ್, ನೀರು, ಇಪ್ಪತ್ತೆರಡು ಮನೆಗಳ ಪಟ್ಟಿ.
ಬೀಗ ಇದ್ದರೆ ಕೋಡ್ ಏಳು.
ಮೂರು ಸಲ ಹೋದರೂ ಗಂಡಸು ಸಿಗದಿದ್ದರೆ
ಆಗಲೂ ಏಳೇ.

ಫೆಬ್ರವರಿ. ಗಂಡಸರೆಲ್ಲ ಕಡಲಲ್ಲಿ,
ಹನ್ನೆರಡು ದಿನದ ಡೀಸೆಲ್, ಮಂಜುಗಡ್ಡೆ ತುಂಬಿಸಿಕೊಂಡು
ರತ್ನಗಿರಿಯ ಆಚೆ ಎಲ್ಲೋ.
ಏಳು, ಏಳು, ಏಳು.
ಈ ಊರಿನಲ್ಲಿ ಕುಡಿತವೇ ಇಲ್ಲ ಎನ್ನುತ್ತದೆ ಟ್ಯಾಬ್.

"ಜೂನಿಗೆ ಬನ್ನಿ," ಎಂದಳು ಜಲಜಾಕ್ಷಿ ಕರ್ಕೇರ
ಬಂಗುಡೆಯ ಕಿವಿರು ಕೀಳುತ್ತ, ತಲೆ ಎತ್ತದೆ.
"ಬೋಟು ಮೇಲೆ ಬಂದ ಮೇಲೆ ಎರಡು ತಿಂಗಳು
ಇವರು ಮನೆಯಲ್ಲೇ. ಆಗ ಲೆಕ್ಕ ಮಾಡಿ,
ಬಾಟಲಿಯನ್ನೂ, ನನ್ನ ಬಳೆಯನ್ನೂ."
ಜೂನಿಗೆ ನನಗೆ ಸಂಬಳವಿಲ್ಲ.
ಯೋಜನೆ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ.

ಪ್ರಶ್ನೆ ನಲವತ್ತು: ಹೊಗೆಸೊಪ್ಪು ಬಳಸುತ್ತೀರಾ?
ಮೈಮುನಾ ನಕ್ಕಳು. ಮಡಿಲಿನ ಮೊರದ ತುಂಬ ಬೀಡಿ ಎಲೆ,
ಉಗುರಿನ ಸಂದಿಯಲ್ಲಿ ಕಂದು ಪುಡಿ.
"ಒಂದೂ ಸೇದಿಲ್ಲ ಟೀಚರೇ.
ಹಬ್ಬದ ದಿನ ಕಟ್ಟದಿದ್ದರೆ ಮಾತ್ರ ಕೈ ನಡುಗುತ್ತದೆ."
ಹೌದು, ಇಲ್ಲ: ಇರುವುದು ಎರಡೇ ಗುಂಡಿ.
ಇಲ್ಲ ಒತ್ತಿದೆ.

ಪ್ರಶ್ನೆ ಐವತ್ತೊಂದು: ಕಳೆದ ಎರಡು ವಾರದಲ್ಲಿ ಖಿನ್ನತೆ?
"ಅದೆಲ್ಲ ಇಲ್ಲ ಮಾರಾಯ್ತಿ," ಎಂದಳು ವಾರಿಜಕ್ಕ,
"ಮಂಡೆಬೆಚ್ಚ ಉಂಟು.
ರಾತ್ರಿ ಎದ್ದು ಬಾವಿಕಟ್ಟೆಗೆ ಹೋಗಿ
ಕೊಡಪಾನ ಎಣಿಸಿ ಬರುತ್ತೇನೆ."
"ಎಷ್ಟು ಉಂಟು?"
"ಒಂದೇ."

ಮಂಡೆಬೆಚ್ಚಕ್ಕೆ ಕೋಡ್ ಇಲ್ಲ.
ಪ್ರಶ್ನೆ ಬರೆದವರ ಮಂಡೆ
ಯಾವತ್ತೂ ಬಿಸಿಯಾಗಿಲ್ಲವೋ ಏನೋ.

ಹಿಂದೆ ಕಾಗದದ ಫಾರ್ಮಿಗೆ ಅಂಚು ಇತ್ತಂತೆ,
ಹಳಬರು ಪೆನ್ಸಿಲಿನಲ್ಲಿ ಏನಾದರೂ ಗೀಚುತ್ತಿದ್ದರಂತೆ.
ಟ್ಯಾಬಿಗೆ ಅಂಚಿಲ್ಲ.
ನಾನು ದೋಣಿ ಚೀಟಿಯ ಬೆನ್ನಿಗೆ ಬರೆದೆ:
ಜಲಜಾಕ್ಷಿ, ಜೂನ್. ಮೈಮುನಾ, ಕೈ. ವಾರಿಜಕ್ಕ, ಕೊಡಪಾನ.
ಒಂದು ಸಲ ಅಣ್ಣನ ಹೆಸರೂ ಬರೆದು ಹೊಡೆದುಹಾಕಿದೆ;
ನಮ್ಮ ಬೀದಿ ಈ ಸಲದ ಮಾದರಿಯಲ್ಲಿಲ್ಲ.

ಏಪ್ರಿಲಿನಲ್ಲಿ ಚೂಡಿದಾರ ಒಗೆಯುವಾಗ
ಕಿಸೆಯಿಂದ ಹಿಟ್ಟಿನಂಥ ಮುದ್ದೆ ಬಂತು. ಬಿಡಿಸಿದೆ.
ದೋಣಿಯ ದರ ಮಾತ್ರ ಓದುವಂತಿತ್ತು.

ಜೂನ್ ಎರಡನೇ ವಾರ ಮತ್ತೆ ದೋಣಿಕಟ್ಟೆಯಲ್ಲಿ ನಿಂತೆ,
ಕೈಯಲ್ಲಿ ಕೊಡೆ ಮಾತ್ರ.
"ಸರ್ವೆ ಮುಗಿಯಲಿಲ್ವಾ?" ಎಂದ ಚೀಟಿ ಹರಿಯುವವ.
"ಮೀನಿಗೆ ಬಂದದ್ದು," ಎಂದೆ.
"ಬೋಟೆಲ್ಲ ಕಟ್ಟಿ ಹಾಕಿದ್ದಾರೆ, ಈಗ ಎಲ್ಲಿಯ ಮೀನು?" ಎನ್ನುತ್ತ
ಚೀಟಿ ಕೊಟ್ಟ. ತಿರುಗಿಸಿ ನೋಡಿದೆ,
ಬೆನ್ನು ಖಾಲಿ ಇತ್ತು.