ತೂಕದವನ ಲೆಕ್ಕ

ಅಧ್ಯಕ್ಷ ರೆಶಾತ್ ಬೇ, ನಿಮಗೆ ಮೀನು ಗೊತ್ತಿಲ್ಲ.
ಗೊತ್ತಿದ್ದರೆ, ಗಡುವು ಮುಗಿಯಲು ಹತ್ತೇ ನಿಮಿಷವಿದ್ದ ಆ ರಾತ್ರಿ
ಕಿವಿರು ಎತ್ತಿ ನೋಡದೆ, ಮೂಸಿ ನೋಡದೆ
ಒಂಬತ್ತು ಮಿಲಿಯನ್ ಯೂರೋ ಎಣಿಸುತ್ತಿರಲಿಲ್ಲ.

ಮೂವತ್ತೊಂದು ವರ್ಷದಿಂದ ಈ ಬಂದರಿನಲ್ಲಿ
ಬೆರಳುದ್ದದ ಹಮ್ಸಿ ತೂಗುತ್ತಿದ್ದೇನೆ.
ನಾಲ್ಕಕ್ಕೆ ದೋಣಿ, ಐದಕ್ಕೆ ಹರಾಜು,
ಆರಕ್ಕೆ ಚಹಾ, ಚಹಾದ ಜೊತೆ ನಿಮ್ಮನ್ನು ಬಯ್ಯುವುದು.
ಎದುರು ಕೂರುವ ಕ್ಷೌರಿಕ ಜೆವ್ದೆತ್
ಸಕ್ಕರೆ ತುಂಡು ಕಚ್ಚಿಕೊಂಡು ಹೇಳುತ್ತಾನೆ:
ಎವೆರಾಲ್ದೊ ಇನ್ನೂ ಹೊಂದಿಕೊಳ್ಳಬೇಕು, ನಿಯಾಝಿ, ತಾಳು.
ಏನಕ್ಕೆ ಹೊಂದಿಕೊಳ್ಳಬೇಕು?
ಗೋಲುಕಂಬ ಬ್ರೆಜಿಲ್‌ನಲ್ಲೂ ಇಷ್ಟೇ ಅಗಲ.

ಹತ್ತೊಂಬತ್ತು ಪಂದ್ಯ, ನಾಲ್ಕು ಗೋಲು.
ಎರಡು ಪೆನಾಲ್ಟಿ.
ಒಂದು ಅವನ ಬೆನ್ನಿಗೆ ತಗುಲಿ ತಾನೇ ಒಳಗೆ ಹೋದದ್ದು,
ಅವನಾಗ ಬೇರೆಲ್ಲೋ ನೋಡುತ್ತಿದ್ದ.
ನಾಲ್ಕನೆಯದು, ಒಪ್ಪುತ್ತೇನೆ, ಚೆಂದ.
ಭಾಗಿಸಿದೆ, ಮೀನು ಸುತ್ತುವ ಕಾಗದದ ಮೇಲೆ:
ಒಂದಕ್ಕೆ ಇಪ್ಪತ್ತೆರಡೂವರೆ ಲಕ್ಷ,
ಸಂಬಳ ಬೇರೆ, ಮನೆ ಬಾಡಿಗೆ ಬೇರೆ.

ಇದಕ್ಕಾಗಿ ತುಂಜಾಯ್‌ನನ್ನು ಮಾರಿದಿರಿ.
ಬಲೆ ಹೊಲಿಯುವ ಫಿಕ್ರಿಯೆಯ ಮಗ, ಹತ್ತೊಂಬತ್ತರ ಹುಡುಗ,
ನೆಲ ಒದ್ದೆಯಾದಷ್ಟೂ ಜೋರಾಗಿ ಓಡುತ್ತಿದ್ದವನು.
ಸಾಲದ್ದಕ್ಕೆ, ಅವನು ಆಡಿ ಬೆಳೆದ ಅಂಗಳವನ್ನೂ ಮಾರಿದಿರಿ;
ಅಲ್ಲೀಗ ಹನ್ನೆರಡು ಮಹಡಿ ಏಳುತ್ತಿದೆ.
ಹಿತ್ತಲ ಗಿಡ ಮದ್ದಲ್ಲ, ಆಯಿತು,
ಹಿತ್ತಲನ್ನೇ ಮಾರಿಬಿಡುವುದೆ?

ಕಳೆದ ತಿಂಗಳು ಬಂದಿದ್ದ, ಇಸ್ತಾಂಬುಲಿನವರ ಅಂಗಿ ತೊಟ್ಟು.
ಎಡಗಡೆಯಿಂದ ಚೆಂಡು ತಂದು ಇಟ್ಟುಕೊಟ್ಟ, ನಮಗೆ ಗೋಲಾಯಿತು,
ನಮಗೆ ಎಂದರೆ ನಮ್ಮ ವಿರುದ್ಧ.
ಅವನು ಕುಣಿಯಲಿಲ್ಲ, ನೆಲ ನೋಡುತ್ತಾ ನಿಂತ.
ಇಡೀ ಪೂರ್ವದ ಸ್ಟ್ಯಾಂಡು ಎದ್ದು ಚಪ್ಪಾಳೆ ತಟ್ಟಿತು.
ಫಿಕ್ರಿಯೆ ಮಾತ್ರ ಕೂತೇ ಇದ್ದಳು,
ಸ್ಕಾರ್ಫಿನ ಅಂಚು ಬಿಚ್ಚುತ್ತಾ, ಮತ್ತೆ ಹೆಣೆಯುತ್ತಾ.

ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ.
ಮಂಗಳವಾರ ಅವನೇ ಬಂದ.
ಟೋಪಿ ಹುಬ್ಬಿನ ತನಕ, ಹೆಗಲ ಮೇಲೆ ಪುಟ್ಟ ಮಗಳು.
ಬಂದರಿನ ಎಲ್ಲ ಬೈಗುಳಗಳನ್ನೂ ಸಾಲಾಗಿ ಜೋಡಿಸಿಕೊಂಡೆ,
ದೊಡ್ಡದು ಮುಂದೆ, ಚಿಕ್ಕದು ಹಿಂದೆ.
ಅವನು ಫೋನು ಚಾಚಿದ. ಪರದೆಯ ಮೇಲೆ, ನಮ್ಮ ಭಾಷೆಯಲ್ಲಿ:
ಮಗುವಿಗೆ ಮುಳ್ಳು ಕಡಿಮೆ ಇರುವುದು ಯಾವುದು?

ಪಾಲಮುತ್ ತೋರಿಸಿದೆ.
ಹಣ ತೆಗೆಯಲು ಅವನು ಒದ್ದೆ ಮೆಟ್ಟಿಲೇರಿದ,
ಆಗ ಕಂಡಿತು.
ತಕ್ಕಡಿ ಹಿಡಿದವನಿಗೆ ಯಾವ ಕಡೆ ವಾಲುತ್ತದೆಂದು ಹೇಳಿಕೊಡಬೇಕಿಲ್ಲ.
ಎಡಗಾಲಿಗೆ ಅವನು ಭಾರವನ್ನೇ ಕೊಡುತ್ತಿರಲಿಲ್ಲ.
ಮಗುವಿನ ತೂಕವೆಲ್ಲ, ತನ್ನ ತೂಕವೆಲ್ಲ ಬಲಕ್ಕೆ.
ಇದು ನಿನ್ನೆ ಮೊನ್ನೆಯ ನೋವಲ್ಲ, ರೆಶಾತ್ ಬೇ.
ಇದು ಹಡಗು ಹತ್ತುವ ಮೊದಲೇ ಹಳಸಿದ ಸರಕು,
ಮತ್ತು ಮೀನು ತನ್ನ ಬೆಲೆಚೀಟಿಯನ್ನು
ತಾನೇ ಚುಚ್ಚಿಕೊಂಡು ಬರುವುದಿಲ್ಲ.

ಒಂದು ಕಿಲೋ ಎಂಟುನೂರ ನಲವತ್ತು.
ಪೂರ್ತಿ ದುಡ್ಡು ತಗೊಂಡೆ, ಒಂದು ಲೀರಾ ಬಿಡಲಿಲ್ಲ.
ಆಮೇಲೆ ಚಾಕು ಕೆಳಗಿಟ್ಟು, ಚಿಮಟ ಹುಡುಕಿ,
ಒಂದೊಂದೇ ಮುಳ್ಳು ಕಿತ್ತೆ.
ನನ್ನ ಹೆಂಡತಿಗೂ ನಾನಿದನ್ನು ಮಾಡಿಕೊಟ್ಟಿಲ್ಲ.
ಹಿಂದೆ ಸಾಲು ನಿಂತವರು ಗೊಣಗಿದರು.
ಮಗು ಮಂಜುಗಡ್ಡೆಯ ಮೇಲಿನ ಏಡಿಗೆ ಏನೋ ಹೇಳುತ್ತಿತ್ತು.

ಸಿಕ್ಕಿದನಂತೆ, ಬೈದೆಯಾ? ಎಂದ ಜೆವ್ದೆತ್.
ಬೈದೆ, ಎಂದೆ.

ಶನಿವಾರ ಅವನು ತಪ್ಪಿಸಿದರೆ ಬಯ್ಯುವವನೇ.
ಋತುವಿಡೀ ಟಿಕೆಟ್ಟಿಗೆ ಕೊಟ್ಟಿದ್ದೇನೆ, ಈ ಸಲ ಅದೂ ದುಬಾರಿ.
ಆದರೆ ಮೊದಲ ಅರ್ಧ ಗಂಟೆ
ಮೈದಾನಕ್ಕೆ ಬೆನ್ನು ಹಾಕಿ ನಿಲ್ಲುತ್ತೇನೆ,
ನಿಮ್ಮ ಗಾಜಿನ ಕೋಣೆಯ ಕಡೆಗೆ ಮುಖ ಮಾಡಿ,
ಕೈಯಲ್ಲಿ ಆ ಕಾಗದ ಹಿಡಿದು.
ಮೀನಿನ ವಾಸನೆ ಇರುತ್ತದೆ, ಕ್ಷಮಿಸಿ.
ಲೆಕ್ಕ ಸರಿಯಾಗಿದೆ.